ಶಾರ್ಜಾದಿಂದ ಬದಿಯಡ್ಕಕ್ಕೆ: ಕಡಿಮೆ ಖರ್ಚಿನಲ್ಲಿ ಮನೆಯವರೊಡನೆ ಮಾತು

ನನ್ನ ತಮ್ಮ ಯುಎಇಯ ಶಾರ್ಜಾದಲ್ಲಿ ಕೆಲಸಕ್ಕಿರುವುದರಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಿಂದ ನಾನು ಆಗಾಗ ಅಲ್ಲಿಗೆ ಹೋಗಿಬರುತ್ತೇನೆ. ಮನೆಯಲ್ಲಿ ಎಂಬತ್ತರ ಸಮೀಪದ ಅಮ್ಮ ಇದ್ದಾರೆ. ತೋಟ, ಅಡಿಕೆ, ಹಾಲಿನ ಲೆಕ್ಕ ಎಲ್ಲವೂ ಇದೆ. ಅಲ್ಲಿರುವಾಗ ದಿನಕ್ಕೊಮ್ಮೆಯಾದರೂ ಅಮ್ಮನೊಡನೆ ಮಾತಾಡದಿದ್ದರೆ ಇಬ್ಬರಿಗೂ ಸಮಾಧಾನವಿಲ್ಲ. ಈ ಮಾತುಕತೆಯ ಖರ್ಚು ನಿಜವಾಗಿ ಉಳಿಯುವುದು ಪ್ರಯಾಣಿಕನ ಫೋನಿನಲ್ಲಿ ಅಲ್ಲ, ಮನೆಯವರ ಅಭ್ಯಾಸದಲ್ಲಿ ಎಂಬುದು ನನ್ನ ಅನುಭವ.

ಯುಎಇಯಲ್ಲಿ ವಾಟ್ಸಾಪ್ ಮೂಲಕ ಬರಹ, ಚಿತ್ರ, ಧ್ವನಿಸಂದೇಶ ಎಲ್ಲವೂ ಸಲೀಸಾಗಿ ಹೋಗುತ್ತವೆ, ಆದರೆ ಕರೆ ಮತ್ತು ವಿಡಿಯೋ ಕರೆಗಳಿಗೆ ಅಲ್ಲಿ ತಡೆಯಿದೆ. ಸೌದಿ ಅರೇಬಿಯಾ ಇಂಟರ್ನೆಟ್ ಕರೆಗಳ ಮೇಲಿನ ಇಂಥ ತಡೆಯನ್ನು, ಅಲ್ಲಿನ ನಿಯಮಕ್ಕೆ ಒಳಪಟ್ಟ ಆ್ಯಪ್‌ಗಳ ಮಟ್ಟಿಗೆ, 2017ರ ಸೆಪ್ಟೆಂಬರಿನಲ್ಲೇ ತೆಗೆದುಹಾಕಿದ್ದರಿಂದ ರಿಯಾದಿನಲ್ಲಿರುವ ನಮ್ಮ ಭಾವನಿಗೆ ಈ ತಾಪತ್ರಯವಿಲ್ಲ. ಒಂದು ಕೊಲ್ಲಿ ರಾಷ್ಟ್ರದ ಅನುಭವವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಯುಎಇಯಲ್ಲಿ ಕರೆ ಮಾಡಲು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳಿವೆ. ನಾವು ಎಲ್ಲಿಂದ ಇಂಟರ್ನೆಟ್ ಬಳಸುತ್ತಿದ್ದೇವೆ ಎಂಬುದನ್ನು ಮರೆಮಾಡುವ ವಿಪಿಎನ್ ಹಾಕಿಕೊಂಡು ತಡೆ ದಾಟುವ ಉಪಾಯವನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಅಪರಾಧವೆಸಗಲು ಅಥವಾ ಅದನ್ನು ಮುಚ್ಚಿಡಲು ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಫೋನಿನ ಗುರುತಿನ ಸಂಖ್ಯೆಯನ್ನು, ಮರೆಮಾಚಿದರೆ ಅಲ್ಲಿನ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಾಮ್‌ವರೆಗೆ ದಂಡವಿದೆ. ನಾಲ್ಕು ಮಾತಿನ ಉಳಿತಾಯಕ್ಕಾಗಿ ಆ ಗೊಡವೆಗೆ ಹೋಗುವುದು ನನಗೆ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ.

ಆದ್ದರಿಂದ ನಾನು ಧ್ವನಿಸಂದೇಶವನ್ನೇ ನೆಚ್ಚಿಕೊಂಡೆ. ನಮ್ಮ ಕಡೆಯವರಿಗೆ ಇದು ಪೂರ್ತಿ ಹೊಸತೂ ಅಲ್ಲ. ಟ್ರಂಕ್ ಕಾಲ್ ದುಬಾರಿಯಾಗಿದ್ದ ಕಾಲದಲ್ಲಿ ಗಲ್ಫಿನಲ್ಲಿದ್ದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದರು. ಒಂದು ನಿಮಿಷದ ಧ್ವನಿಸಂದೇಶಕ್ಕೆ ಒಂದು ಎಂಬಿ ಡೇಟಾ ಕೂಡ ಬೇಕಾಗುವುದಿಲ್ಲ. ಅದಕ್ಕಿಂತ ಹೆಚ್ಚಿನ ಅನುಕೂಲವೆಂದರೆ, ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಕೈಕೊಟ್ಟಾಗ ಕರೆ ಅರ್ಧದಲ್ಲೇ ಕಡಿದುಹೋಗುತ್ತದೆ, ಸಂದೇಶವಾದರೋ ಸಿಗ್ನಲ್ ಬರುವವರೆಗೆ ಕಾದು ಆಮೇಲೆ ತಾನಾಗಿ ತಲುಪುತ್ತದೆ.

ಅಮ್ಮನಿಗೆ ಇದನ್ನು ಕಲಿಸುವುದೇ ದೊಡ್ಡ ಕೆಲಸವಾಗಿತ್ತು. ಮೈಕಿನ ಗುರುತನ್ನು ಒತ್ತಿಹಿಡಿದೇ ಮಾತಾಡಬೇಕೆಂದರೆ ಅವರ ಹೆಬ್ಬೆರಳು ನಡುವೆ ಜಾರುತ್ತಿತ್ತು, ಮಾತು ಮುಗಿಯುವ ಮೊದಲೇ ಸಂದೇಶ ಹೊರಟುಬಿಡುತ್ತಿತ್ತು, "ಊಟ ಆ..." ಎಂಬಲ್ಲಿಗೆ ನಿಂತ ತುಣುಕುಗಳು ನನ್ನ ಫೋನಿನಲ್ಲಿ ಈಗಲೂ ಇವೆ. ಒತ್ತಿದ ಬೆರಳನ್ನು ಹಾಗೆಯೇ ಮೇಲಕ್ಕೆ ಸರಿಸಿದರೆ ಬೀಗದ ಗುರುತು ಬಿದ್ದು, ಬೆರಳು ತೆಗೆದರೂ ಧ್ವನಿ ತುಂಬುತ್ತಲೇ ಇರುತ್ತದೆ ಎಂಬುದನ್ನು ತೋರಿಸಿಕೊಟ್ಟ ಮೇಲೆ ಫೋನನ್ನು ಜಗಲಿಯ ದಂಡೆಯ ಮೇಲಿಟ್ಟು ಅಡಿಕೆ ಸುಲಿಯುತ್ತಲೇ ಮಾತಾಡುವುದು ಅವರಿಗೆ ರೂಢಿಯಾಯಿತು. ಅಮ್ಮನದು ನಿಧಾನದ ಮಾತು, ವಿವರವೂ ಹೆಚ್ಚು. ಕೆಲಸದ ಗಡಿಬಿಡಿಯಲ್ಲಿರುವ ತಮ್ಮ ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾನೆ. ನನಗೆ ಅದು ಹಿಡಿಸುವುದಿಲ್ಲ.

ಕಲಿಸುವುದನ್ನು ಹೊರಡುವುದಕ್ಕೆ ಮೊದಲೇ, ಒಂದೇ ಮನೆಯ ಎರಡು ಕೋಣೆಗಳಲ್ಲಿ ಕುಳಿತು ಮಾಡಿಸಬೇಕು. ಅಲ್ಲಿಗೆ ಹೋದ ಮೇಲೆ ಫೋನಿನಲ್ಲಿ ವಿವರಿಸಲು ಹೊರಟರೆ ಆಗುವ ಕೆಲಸವಲ್ಲ. ಮನೆಯವರಿಗೆ ಖಡಾಖಂಡಿತವಾಗಿ ಹೇಳಿಡಬೇಕಾದ ಇನ್ನೊಂದು ಸಂಗತಿ, ತೀರಾ ತುರ್ತಿಲ್ಲದೆ ನಮ್ಮ ಭಾರತೀಯ ನಂಬರಿಗೆ ಸಾಮಾನ್ಯ ಕರೆ ಮಾಡಬಾರದು ಎಂಬುದು. ರೋಮಿಂಗಿನಲ್ಲಿರುವಾಗ ಪ್ಯಾಕ್ ಹಾಕಿಸಿಕೊಂಡಿರದಿದ್ದರೆ, ಬಂದ ಕರೆಯನ್ನು ಎತ್ತಿದರೂ ನಿಮಿಷಕ್ಕಿಷ್ಟೆಂದು ದುಡ್ಡು ನಮ್ಮ ಕಡೆಯಿಂದಲೇ ಹೋಗುತ್ತದೆ. ಶಾರ್ಜಾದ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಊರಿನಲ್ಲಿ ಬೆಳಿಗ್ಗೆ ಆರಕ್ಕೆ ಎದ್ದವರು ಕಳುಹಿಸಿದ ಸಂದೇಶಕ್ಕೆ ಕೂಡಲೇ ಉತ್ತರ ಬಾರದಿದ್ದರೆ ನಾವಿನ್ನೂ ಮಲಗಿದ್ದೇವೆ ಎಂದು ತಿಳಿಯಬೇಕೇ ಹೊರತು ಗಾಬರಿಯಾಗಬಾರದು. ಒಂದೇ ಟಿಕ್ ಬಿದ್ದಿದ್ದರೆ ಅದು ನಮ್ಮ ಫೋನಿಗೆ ಇನ್ನೂ ಮುಟ್ಟಿಲ್ಲ, ಎರಡು ಬಿದ್ದರೆ ಮುಟ್ಟಿದೆ. ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಫೋನಿನ ವ್ಯವಸ್ಥೆ ಸರಳವಾದದ್ದು. ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಊರಿನ ಸಿಮ್ಮನ್ನು ತೆಗೆಯದೆ, ಅದರ ಡೇಟಾ ರೋಮಿಂಗನ್ನು ಮಂಗಳೂರು ವಿಮಾನ ನಿಲ್ದಾಣದಲ್ಲೇ ಆಫ್ ಮಾಡುತ್ತೇನೆ. ಇನ್ನೊಂದು ಕಡೆಗೆ ಪಾಸ್‌ಪೋರ್ಟ್ ತೋರಿಸಿ ಪಡೆದ ಅಲ್ಲಿನ ಸಿಮ್, ಅದೂ ಹೊರಗೆ ತಿರುಗುವಾಗಿನ ಬಳಕೆಗೆ ಮಾತ್ರ. ಉಳಿದಂತೆ ತಮ್ಮನ ಮನೆಯ ವೈಫೈ ಇದೆ. ವಾಟ್ಸಾಪ್ ಹಳೆಯ ನಂಬರಿನಲ್ಲೇ ಮುಂದುವರಿಯುತ್ತದೆ, ಅದನ್ನು ಬದಲಿಸಲು ಹೋಗಬಾರದು. ಕುಟುಂಬದ ಗುಂಪಿನಲ್ಲಿ ಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರ, ಯಕ್ಷಗಾನದ ವಿಡಿಯೋಗಳು ಡೇಟಾವನ್ನು ತಿಂದುಹಾಕುವುದರಿಂದ ಅವು ತಾವಾಗಿ ಡೌನ್‌ಲೋಡ್ ಆಗುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿರುತ್ತೇನೆ.

ಊರಿನ ಸಿಮ್ ಜೀವಂತವಾಗಿರಬೇಕಾದುದು ಬ್ಯಾಂಕಿನ ಓಟಿಪಿಗಾಗಿ. ಹೊರಡುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ (ಡೇಟಾ ರೋಮಿಂಗ್ ಅಲ್ಲ) ಚಾಲೂ ಇದೆಯೇ, ರೀಚಾರ್ಜಿನ ಅವಧಿ ನಾವು ಹಿಂತಿರುಗುವ ದಿನ ದಾಟುತ್ತದೆಯೇ ಎಂದು ನೋಡಿಕೊಳ್ಳಬೇಕು. ನಡುವೆ ಮುಗಿದರೆ ಮನೆಯಲ್ಲಿರುವವರು ಯುಪಿಐ ಮೂಲಕ ನಮ್ಮ ನಂಬರಿಗೆ ರೀಚಾರ್ಜ್ ಮಾಡಿಕೊಡಬಹುದು, ನಮ್ಮ ಮನೆಯಲ್ಲಿ ಆ ಹೊಣೆ ಮಗಳದು.