ಮಗ್ಗದ ಶೆಡ್ ದಾಟಿ ಗೋದಾಮಿಗೆ ನೆಟ್‌ವರ್ಕ್

ಬನಹಟ್ಟಿಯಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಮಾಡಿಕೊಂಡಿದ್ದೇನೆ. ನನ್ನ ಗಿರಾಕಿಗಳಲ್ಲಿ ಸೀರೆ ವ್ಯಾಪಾರಿಗಳು, ಪವರ್‌ಲೂಮ್ ಇಟ್ಟುಕೊಂಡವರೇ ಜಾಸ್ತಿ. ಈಚೆಗೆ ಮಾಡಿದ ಒಂದು ಕೆಲಸದಲ್ಲಿ ಸ್ವಿಚ್, ರೂಟರ್, ಆಕ್ಸೆಸ್ ಪಾಯಿಂಟ್ (ವೈ-ಫೈ ಹರಡುವ ಪೆಟ್ಟಿಗೆ), ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ) ಎಲ್ಲವೂ ಬಂದವು. ಹೊಸದಾಗಿ ಈ ಕೆಲಸ ಕಲಿಯುವವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ರಸ್ತೆಗೆ ಅಂಗಡಿ, ಹಿಂದೆ ತಗಡಿನ ಮಗ್ಗದ ಶೆಡ್, ಅದನ್ನು ದಾಟಿದರೆ ಬೇರೆ ಕಟ್ಟಡದಲ್ಲಿ ಗೋದಾಮು. ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್. ಗೋದಾಮಿನಲ್ಲೂ ಎರಡು ಕಂಪ್ಯೂಟರ್ ಬೇಕು, ಬಂದ ಮಾಲನ್ನು ಅಲ್ಲೇ ಸ್ಟಾಕಿಗೆ ಏರಿಸಬೇಕು. ಅಲ್ಲಿಯವರೆಗೆ ಎಲ್ಲ ವೈ-ಫೈ ಮೇಲೆಯೇ ನಡೆದಿತ್ತು. ಆದರೆ ತಗಡು, ಗೋಡೆ ದಾಟಿ ಗೋದಾಮಿಗೆ ಸಿಗ್ನಲ್ ಮುಟ್ಟುತ್ತಿರಲಿಲ್ಲ.

"ರೊಕ್ಕ ಹಾಕೂದಾದ್ರ ದೊಡ್ಡ ವೈ-ಫೈ ಡಬ್ಬಿಗೆ ಹಾಕೋಣ್ರಿ, ವೈರಿಗೆ ಯಾಕ ಇಷ್ಟು?" ಅಂದರು ಸಾವ್ಕಾರರು.

"ಡಬ್ಬಿ ನಾಕೈದು ವರ್ಷಕ್ಕ ಬದಲಿ ಮಾಡ್ತೀರಿ ಸಾವ್ಕಾರ್ರ. ಗ್ವಾಡಿಯಾಗಿನ ವೈರ್ ಹಂಗ ಇರ್ತೈತ್ರಿ" ಅಂದೆ. ಈ ಮಾತನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ. ನೆಟ್‌ವರ್ಕ್‌ನಲ್ಲಿ ಮೊದಲು ದುಡ್ಡು ಹಾಕಬೇಕಾದದ್ದು ಕೇಬಲ್‌ಗೆ.

ಅದಕ್ಕೇ ಕೇಬಲ್ ಬಾಕ್ಸ್ ತಂದ ಕೂಡಲೇ ತುದಿ ಸುಲಿದು ನೋಡುತ್ತೇನೆ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್‌ನ ಪೂರ್ತಿ ಬಾಕ್ಸ್ ಅಂದರೆ 305 ಮೀಟರ್. ಒಳಗಿನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಎಷ್ಟು ಕೆರೆದರೂ ತಾಮ್ರದ ಬಣ್ಣವೇ ಇದ್ದರೆ ಸರಿ. ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಅಂಥ ಕೇಬಲ್ ಅಗ್ಗ, ಎತ್ತಿದರೂ ಹಗುರ. ಆದರೆ ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ, ವಿದ್ಯುತ್ತಿಗೆ ತಡೆಯೂ ಜಾಸ್ತಿ. ಅದರಲ್ಲೇ ಕ್ಯಾಮೆರಾಕ್ಕೆ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ತಗಡಿನ ಕೆಳಗೆ ಎಷ್ಟು ಸೆಕೆ ಇರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ನೂಲು ಹುರಿ ಮಾಡಿದ ಹಾಗೆ ಹೊಸೆದಿರುತ್ತಾರೆ. ಮೋಟರಿನಿಂದ ಬರುವ ಗದ್ದಲ ಜೋಡಿಯ ಎರಡೂ ತಂತಿಗೆ ಹೆಚ್ಚುಕಡಿಮೆ ಒಂದೇ ಸಮ ತಗಲುತ್ತದೆ. ಆಚೆ ತುದಿಯಲ್ಲಿ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಆ ಗದ್ದಲ ಕಳೆದುಹೋಗುತ್ತದೆ. ಹಾಗಾಗಿ ಆರ್‌ಜೆ45 ಕನೆಕ್ಟರ್ (ಕೇಬಲ್ ತುದಿಗೆ ಹಾಕಿ ಪೋರ್ಟಿಗೆ ಚುಚ್ಚುವ ಪ್ಲಾಸ್ಟಿಕ್ ಪಿನ್) ಹಾಕುವಾಗ ಹುರಿಯನ್ನು ಸುಮ್ನೆ ಉದ್ದಕ್ಕೆ ಬಿಚ್ಚಬಾರದು. 13 ಮಿಲಿಮೀಟರ್, ಅಂದರೆ ಅರ್ಧ ಇಂಚು ಸಾಕು. ನಾನು ಎರಡೂ ತುದಿಗೆ ಒಂದೇ ಬಣ್ಣದ ಸಾಲು ಹಾಕುತ್ತೇನೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊರಗಿನ ಪ್ಲಾಸ್ಟಿಕ್ ಕವಚವೂ ಕನೆಕ್ಟರ್ ಒಳಗೆ ಹೋಗಿ ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಎಳೆದಾಗ ಪೂರ್ತಿ ಜಗ್ಗಾಟ ಸಣ್ಣ ತಂತಿಗಳ ಮೇಲೇ ಬೀಳುತ್ತದೆ.

ಕನೆಕ್ಟರನ್ನು ಇಕ್ಕಳದಿಂದ ಒತ್ತಿ ಕೂರಿಸಿದ (ಕ್ರಿಂಪ್) ಮೇಲೆ ಟೆಸ್ಟರ್‌ನಲ್ಲಿ ಎಂಟೂ ದೀಪ ಒಂದರ ಹಿಂದೆ ಒಂದು ಹತ್ತಬೇಕು. ಏಳು ಹತ್ತಿದರೂ ಕೆಲವು ಸಲ ನೆಟ್ ನಡೆಯುತ್ತದೆ, ಮೋಸ ಹೋಗಬೇಡಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಬೇಕು. ನೀಲಿ ತಂತಿ ಒಂದು ಕೂಡದಿದ್ದರೆ ಲೈನ್ ಬಹಳಷ್ಟು ಸಲ 100ಕ್ಕೆ ಇಳಿದು ನಿಲ್ಲುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಹೆಚ್ಚೆಂದರೆ 12.5 ಮೆಗಾಬೈಟ್. ಸೀರೆಯ ಫೋಟೋಗಳ ದೊಡ್ಡ ಫೋಲ್ಡರ್ ಕಾಪಿ ಮಾಡುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಶೆಡ್‌ನ ಒಳಗೆ ಮೋಟರಿನ ವೈರಿಗೂ ನಮ್ಮ ಕೇಬಲ್‌ಗೂ ಬೇರೆ ಬೇರೆ ಪೈಪ್ ಹಾಕಿ, ನಡುವೆ ಒಂದು ಅಡಿ ಅಂತರ ಬಿಟ್ಟೆ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ, ಉದ್ದಕ್ಕೂ ಜೊತೆಯಲ್ಲಿ ಓಡಿಸಲಿಲ್ಲ.

ಗೋದಾಮಿಗೆ ಮಾತ್ರ ತಾಮ್ರ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ದೂರ ಕಾರಣವಲ್ಲ, ತಾಮ್ರದ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಇಲ್ಲಿ ಅಷ್ಟಿಲ್ಲ. ಕಾರಣ ಸಿಡಿಲು. ಎರಡು ಕಟ್ಟಡ, ಎರಡು ಅರ್ಥಿಂಗ್. ಹತ್ತಿರದಲ್ಲಿ ಸಿಡಿಲು ಬಿದ್ದರೆ ನಡುವಿನ ತಾಮ್ರದ ಗುಂಟ ಕರೆಂಟ್ ಹರಿದು ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಮುಂಗಾರಿನ ಮೊದಲ ಗುಡುಗಿನ ಮಾರನೇ ದಿನ ಅಂಥ ಸ್ವಿಚ್‌ಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಫೈಬರ್ ಗಾಜು, ಕರೆಂಟ್ ಹಾಯುವುದಿಲ್ಲ. ಹೊದಿಕೆಯಲ್ಲೂ ಲೋಹದ ತಂತಿ ಇಲ್ಲದ ಕೇಬಲ್ ಆರಿಸಿದೆ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿ, ಅದನ್ನು ಮತ್ತೆ ಬೆಳಕಾಗಿ ಬದಲಿಸುವ ಸಣ್ಣ ಪೆಟ್ಟಿಗೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ನಡೆಯುವ ಜೋಡಿ ತಂದಿದ್ದೆ. ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಒಂದೇ ಬಗೆಯ ಎರಡು ಕೊಂಡರೆ ಲಿಂಕ್ ಬರುವುದಿಲ್ಲ. ಜಾಯಿಂಟ್ ಕೆಲಸವನ್ನು ಸ್ಪ್ಲೈಸಿಂಗ್ ಮಷಿನ್ ಇದ್ದ ಕೇಬಲ್ ಟಿವಿ ಹುಡುಗನಿಂದ ಮಾಡಿಸಿದೆ. ಅವನು ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಲು ಹೋದ. "ತಮ್ಮಾ, ಹಂಗ ನೋಡಬ್ಯಾಡ" ಅಂತ ತಡೆದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಇನ್ನು ಪೆಟ್ಟಿಗೆಗಳು. ಇಂಟರ್ನೆಟ್ ಕಂಪನಿಯವರ ಫೈಬರ್ ಬಂದು ಸೇರುವುದು ಓಎನ್‌ಟಿಗೆ, ಅಂದರೆ ಆ ಬೆಳಕನ್ನು ರೂಟರಿಗೆ ಬೇಕಾದ ವಿದ್ಯುತ್ ಸಂಕೇತ ಮಾಡುವ ಡಬ್ಬಿಗೆ. ರೂಟರ್ ನಮ್ಮ ಒಳಗಿನ ನೆಟ್‌ವರ್ಕ್ ಮತ್ತು ಹೊರಗಿನ ಇಂಟರ್ನೆಟ್ ನಡುವೆ ನಿಲ್ಲುತ್ತದೆ, ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಮೂಲಕ ಎಲ್ಲರಿಗೂ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಗುರುತಿಸುವ ನಂಬರ್ ಹಂಚುತ್ತದೆ. ಸ್ವಿಚ್ ಒಳಗಿನವರನ್ನು ಒಬ್ಬರಿಗೊಬ್ಬರು ಕೂಡಿಸುತ್ತದೆ. ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್ ವಿಳಾಸ (ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ನಂಬರ್) ಇದೆ ಅಂತ ನೆನಪಿಟ್ಟು ಆ ಪೋರ್ಟಿಗೇ ಕಳಿಸುತ್ತದೆ. ಹಳೆಯ ಹಬ್ ಹೀಗಲ್ಲ, ಬಂದದ್ದನ್ನೆಲ್ಲ ಎಲ್ಲರಿಗೂ ತಳ್ಳುತ್ತಿತ್ತು. ಒಂದು ಸಂಗತಿ ಗಿರಾಕಿಗಳಿಗೆ ಖುಷಿ ಕೊಡುತ್ತದೆ: ಇಂಟರ್ನೆಟ್ ಹೋದರೂ ಸ್ವಿಚ್‌ಗೆ ಕರೆಂಟ್ ಇದ್ದರೆ ಗೋದಾಮಿನ ಕಂಪ್ಯೂಟರ್, ಅಂಗಡಿಯಲ್ಲಿ ಸ್ಟಾಕ್ ಡೇಟಾ ಇರುವ ಕಂಪ್ಯೂಟರಿನ ಜೊತೆ ಮಾತಾಡುತ್ತಲೇ ಇರುತ್ತದೆ. ಹಾಗಾಗಿ ಸ್ವಿಚ್, ಕನ್ವರ್ಟರ್ ಎಲ್ಲವನ್ನೂ ಯುಪಿಎಸ್ ಮೇಲೆ ಇಟ್ಟೆ.

ಪ್ರಿಂಟರಿಗೂ ಡೇಟಾ ಇರುವ ಕಂಪ್ಯೂಟರಿಗೂ ರೂಟರ್‌ನಲ್ಲಿ ವಿಳಾಸ ಕಾಯ್ದಿರಿಸಿದೆ. ಇಲ್ಲದಿದ್ದರೆ ವಿಳಾಸ ಬದಲಾದ ದಿನ ಪ್ರಿಂಟ್ ನಿಲ್ಲುತ್ತದೆ.

ಮನೆಯಲ್ಲಿದ್ದ ಹಳೆಯ ವೈ-ಫೈ ರೂಟರನ್ನೇ ಶೆಡ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮಾಡಿದೆ. ಅದರ ಡಿಎಚ್‌ಸಿಪಿ ಬಂದ್ ಮಾಡಿ, ಅದಕ್ಕೆ 192.168.1.2 ಕೊಟ್ಟು, ಕೇಬಲ್ಲನ್ನು ವ್ಯಾನ್ (ಇಂಟರ್ನೆಟ್ ಕಡೆಯ) ಪೋರ್ಟಿಗಲ್ಲ, ಲ್ಯಾನ್ (ಒಳಗಿನ ನೆಟ್‌ವರ್ಕ್ ಕಡೆಯ) ಪೋರ್ಟಿಗೆ ಹಾಕಿದೆ. ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ವಿಳಾಸ ಹಂಚಿದರೆ ಗೊಂದಲ ತಪ್ಪಿದ್ದಲ್ಲ, ಅಲ್ವಾ? ವೈ-ಫೈ ಚಾನೆಲ್ ಅಂಗಡಿಯದು 1, ಶೆಡ್‌ನದು 11. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ.

ಪ್ರತಿ ಕೇಬಲ್‌ನ ಎರಡೂ ತುದಿಗೆ ನಂಬರ್ ಅಂಟಿಸಿ, ನಕ್ಷೆಯನ್ನು ರ‍್ಯಾಕ್‌ನ ಬಾಗಿಲ ಒಳಗೆ ಹಚ್ಚಿದೆ. ಅಂಗಡಿಯ ಗುಮಾಸ್ತರಿಗೆ ನೆಟ್ ಹೋದಾಗ ನೋಡುವ ಕ್ರಮವನ್ನೂ ತೋರಿಸಿದೆ. ಮೊದಲು ಪೋರ್ಟಿನ ದೀಪ. ಅದು ಹತ್ತಿದ್ದರೆ ಐಪಿ ನೋಡಬೇಕು. 169.254 ಅಂತ ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ ಅಂತ ಅರ್ಥ. ಐಪಿ ಸರಿ ಇದ್ದರೆ 192.168.1.1ಕ್ಕೆ, ಅಂದರೆ ರೂಟರಿಗೆ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್), ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ. ಅದೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ನೋಡಬೇಕು. ಈಗ ಅವರು ಫೋನ್ ಮಾಡುವಾಗ "ನೆಟ್ ಬರವಲ್ದು" ಅನ್ನುವುದಿಲ್ಲ, "ಅಣ್ಣಾರ, ರೂಟರ್ ತನಕ ಪಿಂಗ್ ಬರ್ತೈತ್ರಿ, ಮುಂದ ಇಲ್ಲ" ಅನ್ನುತ್ತಾರೆ. ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ.

ಮುಂದೆ ಗೋದಾಮಿಗೆ ಕ್ಯಾಮೆರಾ ಹಾಕುವುದಿದೆ. ಅಲ್ಲಿಯ ಸ್ವಿಚ್ ತೆಗೆದು ಪಿಓಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವ ಸ್ವಿಚ್) ಇಡಬೇಕು. 802.3 ಎಎಫ್ ಅನ್ನುವ ಮಾನದಂಡದ ಪ್ರಕಾರ ಅದು ಒಂದು ಪೋರ್ಟಿಗೆ 15.4 ವಾಟ್‌ವರೆಗೆ ಕೊಡುತ್ತದೆ, ಸಾಮಾನ್ಯ ಕ್ಯಾಮೆರಾಕ್ಕೆ ಸಾಕು. ಕೇಬಲ್ ಎಳೆಯಲು ಪೈಪಿನೊಳಗೆ ನೈಲಾನ್ ದಾರ ಬಿಟ್ಟೇ ಬಂದಿದ್ದೇನೆ.