ರೀಲ್ ಮಧ್ಯೆ ಮನೋಧರ್ಮ: ನನ್ನ ಅನುಭವ

ರೀಲ್ ಅಂದರೆ ಐರಿಶ್ ಕುಣಿತದ ವೇಗದ ಟ್ಯೂನ್. ಅದಕ್ಕೆ ನಮ್ಮ ಕರ್ನಾಟಕ ಸಂಗೀತದ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು, ಕೂರಲ್ಲ ಅಂತ ಐರ್ಲೆಂಡಿನ ಗಾಲ್ವೇಯಲ್ಲಿ ಎಲ್ಲರೂ ಹೇಳಿದ್ದರು. ಮೈಸೂರಿನ ನನ್ನ ಪಿಟೀಲು ಮೇಷ್ಟ್ರೂ ಫೋನಿನಲ್ಲಿ ನಕ್ಕಿದ್ದರು. ಈಗ ನಮ್ಮ ಐದು ಜನರ ಬ್ಯಾಂಡನ್ನು ಪಬ್‌ನವರೇ ಹುಡುಕಿಕೊಂಡು ಬರುತ್ತಾರೆ.

ಮೊದಲ ವರ್ಷ ಜಾಝ್‌ನವರ ಹಾಗೆ ಒಬ್ಬೊಬ್ಬರೇ ಸೋಲೋ ಹೊಡೆದೆವು. 32 ಬಾರ್‌ನ ಟ್ಯೂನ್‌ಗೆ ಐದು ಜನ ಕಲ್ಪನಾಸ್ವರ ಹಾಕಿದರೆ ಟ್ಯೂನ್ ಎಲ್ಲಿ ಉಳಿಯುತ್ತೆ? ಒಂದು ರಾತ್ರಿ ಮುಂದೆಯೇ ಕೂತಿದ್ದ ಹಿರಿಯರೊಬ್ಬರು ತಮ್ಮ ಮರದ ಕೊಳಲನ್ನು ಬಿಚ್ಚಿ, ತುಂಡುತುಂಡಾಗಿ ಒರೆಸಿ, ಪೆಟ್ಟಿಗೆಗೆ ಹಾಕಿಕೊಂಡು ಹೊರಟರು. ಒಂದು ಮಾತೂ ಆಡಲಿಲ್ಲ. ಅವತ್ತು ಸಿಕ್ಕಿದ್ದು 250 ಯೂರೋ ಇರಬೇಕು. ವ್ಯಾನ್ ಬಾಡಿಗೆ, ಡೀಸೆಲ್ ಕಳೆದರೆ ತಲೆಗೆ 20 ಕೂಡ ಬರಲಿಲ್ಲ. ರೆಕಾರ್ಡಿಂಗ್‌ಗೆ ಸುಮಾರು 1,800 ಸುರಿದೆವು. ಕಿವಿಯಲ್ಲಿ ಲಯ ತೋರಿಸುವ ಯಂತ್ರದ ಕ್ಲಿಕ್ ಕೇಳಿಕೊಂಡು ನುಡಿಸಿದ್ದಕ್ಕೆ ಜೀವವೇ ಇರಲಿಲ್ಲ, ಎಸೆದೆವು.

ಐರಿಶ್ ಪಿಟೀಲುಗಾರ ಮಾರ್ಟಿನ್ ಹೇಯ್ಸ್, ಗಿಟಾರ್‌ನ ಡೆನಿಸ್ ಕಾಹಿಲ್ ಸಿಯಾಟಲ್‌ನಲ್ಲಿ ನುಡಿಸಿದ ಆ ಅರ್ಧ ಗಂಟೆಯ ಸೆಟ್ ಇದೆಯಲ್ಲ, ಅದನ್ನು ಮತ್ತೆ ಮತ್ತೆ ಕೇಳಿದ ಮೇಲೆ ಹೊಳೆಯಿತು. ಸ್ಲೋ ಏರ್ ಅನ್ನುವ ನಿಧಾನದ ಐರಿಶ್ ರಾಗಕ್ಕೆ ತಾಳದ ಕಟ್ಟು ಇಲ್ಲ ಅಲ್ವಾ? ಜಾಗ ಇರುವುದೇ ಅಲ್ಲಿ. ಏರ್ ಮುಗಿದರೂ ನಮ್ಮ ಪೈಪ್ (ತಿದಿಯ ವಾದ್ಯ) ನುಡಿಸುವವನು ಡ್ರೋನ್, ಅಂದರೆ ಎಳೆದು ಹಿಡಿದ ಶ್ರುತಿಸ್ವರ, ಬಿಡುವುದಿಲ್ಲ. ಅದರ ಮೇಲೆ, ಮುಂದೆ ಬರುವ ರೀಲ್‌ನ ಚೂರುಗಳನ್ನು ಹಿಡಿದು ನಾನು ಆಲಾಪನೆ ಮಾಡುತ್ತೇನೆ. ಡಿ ಮಿಕ್ಸೋಲಿಡಿಯನ್ ಅನ್ನುವ ಅವರ ಸ್ವರಶ್ರೇಣಿ ನಮ್ಮ ಹರಿಕಾಂಭೋಜಿ ರಾಗದ ಸ್ವರಗಳೇ. ಆದರೆ ಗಮಕ ತೂಗಿದಿರೋ, ಕೆಟ್ಟಿತು. ಅವರ ಸಣ್ಣ ಅಲಂಕಾರಗಳಾದ ರೋಲ್, ಕಟ್ ಸಾಕು.

ರೀಲ್ ಹಿಡಿದ ಮೇಲೆ ಮೂರನೇ ಸುತ್ತಿನ ಎರಡನೇ ಭಾಗದಲ್ಲಿ ಮಾತ್ರ ಒಬ್ಬರು ಅಡ್ಡದಾರಿ ಹಿಡಿಯಬಹುದು. ಉಳಿದವರು ಟ್ಯೂನ್ ಬಿಡುವ ಹಾಗಿಲ್ಲ. ವಾಪಸ್ ಬರುವುದಕ್ಕೆ ಒಂದು ಸನ್ನೆ ಇದೆ, ಅದನ್ನು ಹೇಳಲ್ಲ.

ಸುಮ್ನೆ ಇರಲಾರದೆ ಒಂಬತ್ತು ಎಣಿಕೆಯ ಐರಿಶ್ ಟ್ಯೂನ್ ಸ್ಲಿಪ್ ಜಿಗ್‌ಗೆ ಖಂಜಿರದಲ್ಲಿ ನಮ್ಮ ಒಂಬತ್ತರ ಸಂಕೀರ್ಣ ನಡೆಯನ್ನೂ ಹಾಕಿ ನೋಡಿದೆ. ಮೂರು ಮೂರಾಗಿ ಹೋಗಬೇಕಾದದ್ದು ನಾಲ್ಕು-ಐದು ಆಯಿತು. ಬೌರಾನ್ (ಐರಿಶ್ ತಮಟೆ) ಬಾರಿಸುವವಳು ಕೋಲು ಕೆಳಗಿಟ್ಟು ನನ್ನನ್ನೇ ನೋಡಿದಳು. ಈಗ ಅದು ನಮ್ಮ ಅಡುಗೆಮನೆಯಲ್ಲಿ ಮಾತ್ರ.

ಕಳೆದ ಚಳಿಗಾಲ ಗಾಲ್ವೇ ಪಕ್ಕದ ಕ್ಲೇರ್ ಕೌಂಟಿಯ ಒಂದು ಪಬ್‌ನಲ್ಲಿ ಸೆಟ್ ಡ್ಯಾನ್ಸ್, ಅಂದರೆ ಜೋಡಿಗಳು ಕೂಡಿ ಕುಣಿಯುವ ಕುಣಿತ, ಇತ್ತು. ಕೈಗೆ 600 ಹತ್ತಿರ ಬಂತು, ಊಟ ಬೇರೆ. ಮೂರನೇ ಸುತ್ತಿನಲ್ಲಿ ನಾನು ಎಲ್ಲೆಲ್ಲೋ ತಿರುಗಿ ಬಂದೆ. ಕುಣಿಯುತ್ತಿದ್ದ ನಾಲ್ಕು ಜೋಡಿಯಲ್ಲಿ ಒಬ್ಬರ ಹೆಜ್ಜೆಯೂ ತಪ್ಪಲಿಲ್ಲ. ಮೇಷ್ಟ್ರಿಗೆ ವಿಡಿಯೋ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಶ್ರುತಿ ಒಂದು ಕೂದಲು ಏರಿದೆ, ನೋಡ್ಕೋ."