ರಕ್ತ ಕಡಿಮೆ ಹರಿಯುವ ಕಾಲಿಗೆ ಒತ್ತಡದ ಬ್ಯಾಂಡೇಜ್: ನನ್ನ ಅನುಭವ

ಕಾಲಿನ ಶುದ್ಧ ರಕ್ತನಾಳ ಕಟ್ಟಿಕೊಂಡಿದೆ ಅಂತ ಚೀಟಿಯಲ್ಲಿ ಬರೆದಿದ್ದರೆ ಸಾಕು, ಬಹಳ ಜನ ಒತ್ತಡದ ಬ್ಯಾಂಡೇಜ್ ಮುಟ್ಟುವುದೇ ಇಲ್ಲ. ಭಯಕ್ಕೆ ಕಾರಣವಿದೆ. ಮೊದಲೇ ರಕ್ತ ಸಾಲದು, ಮೇಲಿಂದ ಒತ್ತಿದರೆ ಚರ್ಮ ಕಪ್ಪಾಗಿ ಕೊಳೆಯಬಹುದು. ಆದರೆ ಗಾಯದ ವಿಭಾಗದಲ್ಲಿ ನರ್ಸ್ ಆಗಿರುವ ನಾನು ಅಳೆದು ನೋಡದೆ ಬೇಡ ಅನ್ನುವುದಿಲ್ಲ.

ಒಬ್ಬ ರೈತರು ಬಂದಿದ್ದರು. 60 ದಾಟಿದವರು, ಬೀಡಿ ಹಳೆಯ ಅಭ್ಯಾಸ. ಮೀನಖಂಡದಲ್ಲಿ ಉಬ್ಬಿದ ನರಗಳು, ಕಣಕಾಲಿನ ಒಳಬದಿಗೆ ದೊಡ್ಡ ಹುಣ್ಣು. ಸೋರಿ ಸೋರಿ ಪಂಚೆ ಒದ್ದೆ. ಕಾಲು ಬಾತು ಚರ್ಮ ಹೊಳೆಯುತ್ತಿತ್ತು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ ಅಂದರು. ಅಲ್ಲಿಗೆ ಎರಡೂ ತೊಂದರೆ ಇದ್ದ ಹಾಗಾಯಿತು: ಅಶುದ್ಧ ರಕ್ತ ಮೇಲಕ್ಕೆ ಹೋಗುತ್ತಿಲ್ಲ, ಶುದ್ಧ ರಕ್ತ ಕೆಳಕ್ಕೆ ಸರಿಯಾಗಿ ಬರುತ್ತಿಲ್ಲ.

ಸ್ವಲ್ಪ ಹೊತ್ತು ಮಲಗಿಸಿ, ಎರಡೂ ಕೈಯ ಮತ್ತು ಕಣಕಾಲಿನ ಬಿಪಿಯನ್ನು ಹ್ಯಾಂಡ್ ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಸಣ್ಣ ಯಂತ್ರ) ಇಟ್ಟು ನೋಡಿದೆ. ಕೈಯಲ್ಲಿ 140, ಕಣಕಾಲಲ್ಲಿ 98. ಕಣಕಾಲಿನದನ್ನು ಕೈಯದರಿಂದ ಭಾಗಿಸಿದರೆ 0.7. ಇದು 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. 0.6ಕ್ಕಿಂತ ಕೆಳಗಿದ್ದರೆ, ಅಥವಾ ಕಣಕಾಲಿನ ಬಿಪಿ 60ಕ್ಕಿಂತ ಕೆಳಗಿದ್ದರೆ ನಾನು ಕಟ್ಟುವುದಿಲ್ಲ, ಮೊದಲು ರಕ್ತನಾಳದ ಸರ್ಜನ್ (ವಾಸ್ಕುಲರ್ ಸರ್ಜನ್) ಹತ್ತಿರ ಕಳಿಸಬೇಕು. ರಾತ್ರಿ ನೋವು ತಡೆಯಲಾರದೆ ಕಾಲನ್ನು ಮಂಚದಿಂದ ಇಳಿಬಿಟ್ಟು ಮಲಗುವವರನ್ನೂ ಅಷ್ಟೇ. ಸಕ್ಕರೆ ಕಾಯಿಲೆಯವರಲ್ಲಿ ಈ ಲೆಕ್ಕ ನಂಬುವ ಹಾಗಿಲ್ಲ. ರಕ್ತನಾಳ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಬಿಪಿ ಪಟ್ಟಿಗೆ ಅದು ಬಗ್ಗುವುದಿಲ್ಲ, ಸಂಖ್ಯೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಅವರಿಗೆ ಕಾಲಿನ ಹೆಬ್ಬೆರಳಿನ ಬಿಪಿ ನೋಡಬೇಕು. ಅದು 30ಕ್ಕಿಂತ ಕಡಿಮೆ ಇದ್ದರೆ ಕಟ್ಟಬಾರದು.

ಇಂಥ ಬಾತ ಕಾಲನ್ನು ಅಳತೆಯಲ್ಲಿ ಒತ್ತಿದರೆ ಚರ್ಮಕ್ಕೆ ರಕ್ತ ಹೆಚ್ಚೇ ಬರಬಹುದು. ಅದು ಹೇಗೆ? ಬಾತ ಕಾಲಿನಲ್ಲಿ ತುಂಬಿದ ನೀರೇ ಚರ್ಮದ ಸಣ್ಣ ರಕ್ತನಾಳಗಳನ್ನು ಹಿಸುಕುತ್ತಿರುತ್ತದೆ. ಅಶುದ್ಧ ರಕ್ತನಾಳದಲ್ಲಿ ಒತ್ತಡ ಏರಿರುವುದರಿಂದ ಹೊಸ ರಕ್ತ ಮುಂದಕ್ಕೆ ಹೋಗಲು ಜಾಗವಿಲ್ಲ. ಬಾವು ಇಳಿದರೆ ಎರಡೂ ಸಡಿಲವಾಗುತ್ತವೆ. ಇಟಲಿಯ ಜಿಯೋವಾನಿ ಮೋಸ್ತಿ ಮತ್ತು ಜೊತೆಗಾರರು 2012ರಲ್ಲಿ ಇಂಥದೇ ಹುಣ್ಣಿನ ರೋಗಿಗಳ ಚರ್ಮದ ರಕ್ತ ಹರಿವನ್ನು ಲೇಸರ್ ಬೆಳಕಿನಿಂದ ಅಳೆಯುವ ಯಂತ್ರದಿಂದ (ಲೇಸರ್ ಡಾಪ್ಲರ್) ಅಳೆದರು. ಹೆಚ್ಚು ಹಿಗ್ಗದ ಬ್ಯಾಂಡೇಜ್ ಕಟ್ಟಿ, 40 ಮಿಮೀ ಪಾದರಸದವರೆಗೆ ಒತ್ತಿದರೂ ಹರಿವು ಕುಗ್ಗಲಿಲ್ಲ. ಹುಣ್ಣಿನ ಸುತ್ತ ಹೆಚ್ಚಾಯಿತು.

ನಮ್ಮ ಸರ್ಜನ್ ಈ ರೈತರಿಗೆ 20ರಿಂದ 30 ಮಿಮೀ ಒತ್ತಡದ ಒಳಗೆ ಕಟ್ಟಿ ಅಂದರು. ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿ, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಗೆ, ಕಣಕಾಲಿನ ಗಂಟುಗಳಿಗೆ, ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿಗೆ ದಪ್ಪ ಹತ್ತಿ ಸುತ್ತಿದೆ. ಆಮೇಲೆ ಕಡಿಮೆ ಹಿಗ್ಗುವ ಬ್ಯಾಂಡೇಜ್ ತೆಗೆದುಕೊಂಡು ಕಾಲ್ಬೆರಳ ಬುಡದಿಂದ ಶುರು ಮಾಡಿ, ಹಿಮ್ಮಡಿ ಮುಚ್ಚಿ, ಅರ್ಧ ಸುತ್ತಿನ ಮೇಲೆ ಅರ್ಧ ಬರುವಂತೆ ಮೊಣಕಾಲಿನ ಕೆಳಗಿನವರೆಗೆ. ಈ ಬಟ್ಟೆ ಮಲಗಿದಾಗ ಹೆಚ್ಚು ಒತ್ತುವುದಿಲ್ಲ. ನಡೆದಾಗ ಮೀನಖಂಡ ಉಬ್ಬಿ ಬಟ್ಟೆಗೆ ಒತ್ತಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಜಾಸ್ತಿ ಎಳೆಯುವ ಎಲಾಸ್ಟಿಕ್ ಆದರೆ ರಾತ್ರಿಯೂ ಹಿಸುಕುತ್ತಲೇ ಇರುತ್ತದೆ. ಇಂಥ ಕಾಲಿಗೆ ಅದು ಬೇಡ.

"ಸಿಸ್ಟರ್, ಇನ್ನೊಂಚೂರು ಬಿಗಿ ಮಾಡ್ರಿ" ಅಂದರು.

"ಬೇಡ ಯಜಮಾನ್ರೇ, ನಿಮ್ಮ ಕಾಲಿಗೆ ಇಷ್ಟೇ."

ಹೆಬ್ಬೆರಳನ್ನು ಒತ್ತಿ ಬಿಟ್ಟೆ, ಬಣ್ಣ ಬೇಗ ವಾಪಸ್ ಬಂತು. ಅರ್ಧ ಗಂಟೆ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ನೋಡಿದೆ. ಬೆರಳು ಬಿಳಿಚಿದರೆ, ನೀಲಿಯಾದರೆ, ಜೋಮು ಹಿಡಿದರೆ, ರಾತ್ರಿ ನೋವು ಹೆಚ್ಚಿದರೆ ಯಾರನ್ನೂ ಕೇಳದೆ ಕತ್ತರಿಸಿ ಬಿಚ್ಚಿ ಅಂತ ಸೊಸೆಗೆ ಹೇಳಿ, ಬಿಚ್ಚುವ ರೀತಿಯನ್ನೂ ತೋರಿಸಿದೆ. ಬೀಡಿ ಬಿಡಿ ಅಂತ ಇಬ್ಬರೆದುರೂ ಹೇಳಿದೆ.

ಮುಂದಿನ ಸಲ ಬಂದಾಗ ಚರ್ಮ ಸುಕ್ಕುಗಟ್ಟಿತ್ತು, ಸೋರುವುದು ಕಡಿಮೆಯಾಗಿತ್ತು, ಹುಣ್ಣಿನ ಅಂಚು ಕೆಂಪಗೆ ಜೀವ ಹಿಡಿದಿತ್ತು. ಕಾಲು ಸಣ್ಣಗಾದಷ್ಟೂ ಅದೇ ಎಳೆತಕ್ಕೆ ಒತ್ತಡ ಹೆಚ್ಚಾಗುತ್ತದೆ. ಹಾಗಾಗಿ ಕಣಕಾಲಿನ ಸುತ್ತಳತೆ ತೆಗೆದುಕೊಂಡು, ಹತ್ತಿ ಒಂದು ಸುತ್ತು ಜಾಸ್ತಿ ಹಾಕಿ, ಡಾಪ್ಲರ್ ಮತ್ತೊಮ್ಮೆ ಇಟ್ಟು ನೋಡಿಯೇ ಕಟ್ಟಿದೆ.